ಗೂಡ್ಸ್ ಬಂಡಿಯ ಚೀಟಿ

ನಮ್ಮ ತಂದೆಯವರು ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತರಾಗಿದ್ದರು. 1960ರ ದಶಕದಲ್ಲಿ ತಿಪಟೂರಿನ ಗೂಡ್ಸ್ ಷೆಡ್ಡಿನಲ್ಲಿ, ಕೊಬ್ಬರಿ ಮೂಟೆಗಳ ನಡುವೆ ಕುಳಿತು, ಕಾರ್ಬನ್ ಕಾಗದವಿಟ್ಟು ಅವರು ದಿನವಿಡೀ ಚೀಟಿ ಬರೆಯುತ್ತಿದ್ದುದನ್ನು ಕಂಡಿದ್ದೇನೆ. ಎಂಜಿನ್ ಡ್ರೈವರನ ಮಗನಾಗಿ ಹುಟ್ಟಲಿಲ್ಲವಲ್ಲ ಎಂಬ ಕೊರಗು ಆಗ ನನಗಿತ್ತು. “ನೀವು ಬರೀ ಚೀಟಿ ಬರೆಯುವವರು” ಎಂದು ಒಮ್ಮೆ ಅವರೆದುರಿಗೇ ಅಂದುಬಿಟ್ಟೆ. ಅವರು ನಕ್ಕು ಸುಮ್ಮನಾದರು. ಆ ಮಾತಿಗೆ ತಕ್ಕ ಉತ್ತರ ನನಗೆ ದೊರೆತದ್ದು ನಿವೃತ್ತನಾದ ಮೇಲೆ, ಅಮೆರಿಕದ ರೈಲುಗಳ ಚರಿತ್ರೆಯನ್ನು ಓದುವಾಗ. ಅದರಲ್ಲಿಯೂ ಅಲ್ಲಿನ ಆಟದ ರೈಲುಗಳ ಚರಿತ್ರೆಯಲ್ಲಿ ಎಂದರೆ ಕೇಳುಗರಿಗೆ ಆಶ್ಚರ್ಯವಾಗಬಹುದು.

ಅಮೆರಿಕದ ರೈಲು ಮಾರ್ಗಗಳು ನೂರಾರು ಖಾಸಗಿ ಕಂಪನಿಗಳ ಸ್ವತ್ತು. ಒಂದು ಕಂಪನಿಯ ಡಬ್ಬಿ ಇನ್ನೆರಡು ಮೂರು ಕಂಪನಿಗಳ ಹಳಿಗಳನ್ನು ಹಾದು ಊರು ಸೇರಬೇಕಾಗುತ್ತಿತ್ತು. ಸರಕು ಕಳುಹಿಸುವವನು ಸ್ಟೇಷನ್ನಿನ ಏಜೆಂಟನಿಂದ ‘ಬಿಲ್ ಆಫ್ ಲೇಡಿಂಗ್’ ಪಡೆಯುತ್ತಿದ್ದ. ನಮ್ಮ ವರ್ತಕರು ಆರ್.ಆರ್. ಎನ್ನುವ ರೈಲ್ವೆ ರಸೀದಿಯಂತೆ ಅದು ವರ್ತಕನ ಕೈಯಲ್ಲಿರುವ ಕಾಗದ. ಅದನ್ನು ನೋಡಿ ಏಜೆಂಟನು ಸಿದ್ಧಪಡಿಸುತ್ತಿದ್ದ ಮತ್ತೊಂದು ಕಾಗದವೇ ‘ವೇಬಿಲ್’. ಇದು ಡಬ್ಬಿಯೊಡನೆ ಪಯಣಿಸುವ ಕಾಗದ. ಡಬ್ಬಿಯ ಒಡೆಯ ಕಂಪನಿಯ ಗುರುತು, ಡಬ್ಬಿಯ ಸಂಖ್ಯೆ, ಸರಕು, ತೂಕ, ಕಳುಹಿಸಿದವರು, ಪಡೆಯುವವರು, ಹಾದಿ, ಸಾಗಣೆಯ ಹಣ ಸಂದಿದೆಯೋ ಇನ್ನು ಸಲ್ಲಬೇಕೋ, ಎಲ್ಲವೂ ಅದರಲ್ಲಿ ದಾಖಲು. ರೈಲಿನ ಬಾಲದಲ್ಲಿರುತ್ತಿದ್ದ ‘ಕಬೂಸ್’ ಎಂಬ ಗಾಡಿಯಲ್ಲಿ ಕಂಡಕ್ಟರನು ಈ ವೇಬಿಲ್ಲುಗಳ ಕಟ್ಟನ್ನು ಇಟ್ಟುಕೊಂಡು ಕುಳಿತಿರುತ್ತಿದ್ದ. ದೊಡ್ಡ ಯಾರ್ಡು ತಲುಪಿದೊಡನೆ ಕಟ್ಟು ಅಲ್ಲಿಯ ಗುಮಾಸ್ತನ ವಶ. ಅವನು ಅದನ್ನು ನೋಡಿ ಪಟ್ಟಿ ಬರೆದುಕೊಟ್ಟಂತೆ ಷಂಟಿಂಗ್ ನಡೆಯುತ್ತಿತ್ತು. ಚೀಟಿ ತಪ್ಪಿದ ಡಬ್ಬಿ ವಿಳಾಸ ಅಳಿಸಿಹೋದ ಲಕೋಟೆಯಂತೆ ಅಲ್ಲಿಯೇ ಉಳಿಯಬೇಕು.

ಜೀವದ ಪ್ರಶ್ನೆಯೂ ಇದರಲ್ಲಿತ್ತು. ದನಕರುಗಳನ್ನು ಮೇವು, ನೀರು, ವಿಶ್ರಾಂತಿಗಳಿಲ್ಲದೆ 28 ಗಂಟೆಗಳಿಗಿಂತ ಹೆಚ್ಚು ಕಾಲ ರೈಲಿನಲ್ಲಿ ಕೂಡಿಡಬಾರದೆಂದು ಅಲ್ಲಿ 1873ರಲ್ಲಿ ಕಾನೂನಾಯಿತು. 1906ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾನೂನು ಬಂದಿತು. ಒಡೆಯನು ಬರೆದು ಒಪ್ಪಿದರೆ ಮಾತ್ರ 36 ಗಂಟೆ. ದನಗಳನ್ನು ಹತ್ತಿಸಿದ ಹೊತ್ತನ್ನು ಯಾರೋ ಒಬ್ಬರು ಸರಿಯಾಗಿ ಬರೆದಿಟ್ಟಿದ್ದರಲ್ಲವೆ ಆ ಮೂಕ ಪ್ರಾಣಿಗಳಿಗೆ ನೀರು ದೊರೆಯುವುದು?

ಇನ್ನು ಆಟದ ರೈಲು. ಅಲ್ಲಿ ಅದು ಮಕ್ಕಳ ಆಟವಷ್ಟೇ ಅಲ್ಲ. ವಯಸ್ಕರ ಗಂಭೀರ ಹವ್ಯಾಸ. ನಿಜವಾದ ಬಂಡಿಯ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಎಂಜಿನ್ನು, ಡಬ್ಬಿ, ಸೇತುವೆ, ಊರುಗಳನ್ನು ಅಚ್ಚುಕಟ್ಟಾಗಿ ಕಟ್ಟಿದರು. ಆದರೆ ರೈಲು ಸುತ್ತಿದ ದಾರಿಯನ್ನೇ ಸುತ್ತಿದಾಗ ಕಟ್ಟಿದವರಿಗೇ ಬೇಸರ ಬಂದಿತು. 1940ರ ದಶಕದಲ್ಲಿ ಫ್ರ್ಯಾಂಕ್ ಎಲಿಸನ್ ಎಂಬವರು ಇದನ್ನು ನಾಟಕಕ್ಕೆ ಹೋಲಿಸಿದರು: ಹಳಿಯೇ ರಂಗ, ರೈಲುಗಳೇ ಪಾತ್ರಗಳು, ಸಂಚಾರದ ವೇಳಾಪಟ್ಟಿಯೇ ಕಥಾವಸ್ತು. ಆದರೆ ಒಂದೊಂದು ಡಬ್ಬಿಗೂ ಪಾತ್ರವನ್ನು ಹಂಚುವುದು ಹೇಗೆ?

1961ರಲ್ಲಿ ಡಗ್ ಸ್ಮಿತ್ ಎಂಬವರು ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಕಾರ್ಡುಗಳ ವ್ಯವಸ್ಥೆಯೊಂದನ್ನು ವಿವರಿಸಿದರು. ಮುಂದೆ ಅದು ಸರಳಗೊಂಡು ಬಳಕೆಗೆ ಬಂದ ಬಗೆ ಹೀಗೆ. ಪ್ರತಿ ಡಬ್ಬಿಗೂ ಒಂದು ಕಾರ್ಡು, ಕಾರ್ಡಿಗೊಂದು ಜೇಬು, ಜೇಬಿನಲ್ಲೊಂದು ಪುಟ್ಟ ವೇಬಿಲ್. ಹಿಂದೆ ಮುಂದೆ, ಮೇಲೆ ಕೆಳಗೆ, ಅದರಲ್ಲಿ ನಾಲ್ಕು ಒಕ್ಕಣೆಗಳು. ಮೊದಲನೆಯದರಲ್ಲಿ ಖಾಲಿ ಡಬ್ಬಿ ಗೋಧಿಯ ಕಣಜಕ್ಕೆ. ಎರಡನೆಯದರಲ್ಲಿ ಗೋಧಿ ತುಂಬಿಕೊಂಡು ಹಿಟ್ಟಿನ ಗಿರಣಿಗೆ. ಮೂರನೆಯದರಲ್ಲಿ ಹಿಟ್ಟು ಹೊತ್ತು ಪಟ್ಟಣಕ್ಕೆ. ನಾಲ್ಕನೆಯದರಲ್ಲಿ ಬರಿದಾಗಿ ಮರಳಿ ಯಾರ್ಡಿಗೆ. ಒಂದು ಹಂತ ಮುಗಿದಾಗ ಚೀಟಿಯನ್ನು ತಿರುಗಿಸಿ ಇಟ್ಟರಾಯಿತು. ಗೋಧಿಯೂ ಇಲ್ಲ, ಹಿಟ್ಟೂ ಇಲ್ಲ. ಆದರೂ ಅಂಗೈಯಗಲದ ಡಬ್ಬಿಗೆ ಹೊರಡಲು ಒಂದು ಕಾರಣ, ಸೇರಲು ಒಂದು ಊರು ದೊರೆಯಿತು.

ಶಬ್ದಕ್ಕೆ ಅರ್ಥ ಹೇಗೋ ಬಂಡಿಗೆ ಚೀಟಿ ಹಾಗೆ ಎಂದು ನನಗನ್ನಿಸಿತು. ಎಂಜಿನ್ನಿನ ಬಲದಿಂದ ಬಂಡಿ ಚಲಿಸೀತು. ಆದರೆ ಆ ಚಲನೆ ಸಾಗಾಟವಾಗುವುದು ಚೀಟಿಯಿಂದಲೇ. ಆಟದ ರೈಲನ್ನು ನಿಜದ ರೈಲಾಗಿಸಲು ಹೊರಟವರು ಕೊನೆಗೆ ಹುಡುಕಿಕೊಂಡು ಬಂದದ್ದು ಗುಮಾಸ್ತನ ಮೇಜಿಗೆ! ಅಮೆರಿಕದ ರೈಲುಗಳಲ್ಲಿ ಕಾಗದದ ವೇಬಿಲ್ಲಿನ ಕೆಲಸವನ್ನು ಕ್ರಮೇಣ ಗಣಕಯಂತ್ರಗಳು ವಹಿಸಿಕೊಂಡವು. 1980ರ ದಶಕದಿಂದ ಕಬೂಸೂ ಮರೆಯಾಗುತ್ತ ಬಂದಿತು. ಹವ್ಯಾಸಿಗಳ ಕೋಣೆಗಳಲ್ಲಿ ಮಾತ್ರ ಕಾಗದದ ಚೀಟಿ ಇನ್ನೂ ಕೈಯಿಂದ ಕೈಗೆ ಸಾಗುತ್ತಿದೆ.

ಈಚೆಗೆ ನನ್ನ ಮೊಮ್ಮಗನ ಆಟದ ರೈಲಿಗೆಂದು ಹಳೆಯ ಲಗ್ನಪತ್ರಿಕೆಯೊಂದನ್ನು ಕತ್ತರಿಸಿ ಚೀಟಿ ಮಾಡಿದೆ. ‘ತಿಪಟೂರಿನಿಂದ ದೆಹಲಿಗೆ, ಕೊಬ್ಬರಿ, 40 ಮೂಟೆ’ ಎಂದು ಬರೆದೆ. “ತಾತ, ಇಲ್ಲಿ ಯಾರ ರುಜು?” ಎಂದು ಹುಡುಗ ಕೇಳಿದ. ಗೂಡ್ಸ್ ಗುಮಾಸ್ತರ ರುಜು ಎಂದು ಹೇಳಿ, ಅಲ್ಲಿ ನಮ್ಮ ತಂದೆಯವರ ಹೆಸರನ್ನು ಬರೆದೆ.