ಅಮಿಯೋಡರೋನ್ ಸೇವಿಸುವವರು ಅರಿತಿರಬೇಕಾದುದು

ಹೃದಯ ಬಡಿತದ ಲಯ ತಪ್ಪಿದಾಗ ವೈದ್ಯರು ನೀಡುವ ಔಷಧಗಳಲ್ಲಿ ಅಮಿಯೋಡರೋನ್ ಅತ್ಯಂತ ಪ್ರಬಲವಾದುದು. 1960ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಎದೆನೋವಿನ ಮದ್ದಾಗಿ ರೂಪುಗೊಂಡ ಇದು ಮುಂದೆ ಲಯದೋಷಕ್ಕೆ ಬಳಕೆಯಾಯಿತು.

ಇದರ 200 ಮಿ.ಗ್ರಾಂ. ಮಾತ್ರೆಯಲ್ಲಿ ಸುಮಾರು 75 ಮಿ.ಗ್ರಾಂ. ಅಯೋಡಿನ್ ಇದೆ; ವಯಸ್ಕರ ದಿನದ ಅಗತ್ಯ ಕೇವಲ 150 ಮೈಕ್ರೋಗ್ರಾಂ. ಹೀಗಾಗಿ ಥೈರಾಯ್ಡ್ ಗ್ರಂಥಿಯ ಕಾರ್ಯ ಕುಗ್ಗಬಹುದು ಅಥವಾ ಮಿತಿಮೀರಬಹುದು. ಮನೆಯ ಹಿರಿಯರ ಆಯಾಸ, ಚಳಿ, ಮಲಬದ್ಧತೆಗಳನ್ನು ನಾವು ಮುಪ್ಪಿನ ಸಹಜ ಬಳಲಿಕೆಯೆಂದು ತಳ್ಳಿಹಾಕುತ್ತೇವೆ, ಅದು ತಪ್ಪು. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಹಾಗೂ ಯಕೃತ್ತಿನ ರಕ್ತಪರೀಕ್ಷೆ ಅವಶ್ಯ.

ಬಿಡದ ಒಣಕೆಮ್ಮು, ಏದುಸಿರು ಕಂಡುಬಂದರೆ ಶ್ವಾಸಕೋಶಕ್ಕೆ ತೊಂದರೆಯಾಗಿರುವ ಸಂಭವವುಂಟು. ದೃಷ್ಟಿ ಮಂದವಾಗುವುದು, ನಾಡಿ ತೀರ ನಿಧಾನವಾಗುವುದು, ತಲೆಸುತ್ತು ಇವೂ ಎಚ್ಚರಿಕೆಯ ಲಕ್ಷಣಗಳೇ. ಇಂಥ ಸಂದರ್ಭಗಳಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಚರ್ಮವು ಬಿಸಿಲಿಗೆ ಬೇಗ ಕೆಂಪಾಗಿ ಉರಿಯುವುದರಿಂದ ಕೊಡೆ, ತುಂಬುತೋಳಿನ ಉಡುಪು ಒಳ್ಳೆಯದು. ವಾರ್ಫರಿನ್ ಜೊತೆಗಿದ್ದರೆ ರಕ್ತಸ್ರಾವದ ಭಯ ಹೆಚ್ಚು. ಅದರ ಪ್ರಮಾಣವನ್ನು ವೈದ್ಯರೇ ತಗ್ಗಿಸಬೇಕು.

ಅಡ್ಡಪರಿಣಾಮಕ್ಕೆ ಅಂಜಿ ಮಾತ್ರೆಯನ್ನು ನಾವೇ ನಿಲ್ಲಿಸುವುದು ಸಲ್ಲದು. ಇದು ದೇಹದ ಕೊಬ್ಬಿನಲ್ಲಿ ಶೇಖರಗೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ನಿಲ್ಲಿಸಿದೊಡನೆ ತೊಂದರೆ ಶಮನವಾಗದು; ಕ್ರಮೇಣ ಲಯದೋಷ ಮಾತ್ರ ಮರುಕಳಿಸಬಹುದು.

ಪರಸ್ಥಳದಲ್ಲಿ ನೆಲೆಸಿರುವ ನಾವು ಹಬ್ಬಕ್ಕೋ ಮದುವೆಗೋ ಊರಿಗೆ ಹೊರಡುವಾಗ ಔಷಧಗಳ ಪಟ್ಟಿ, ಇತ್ತೀಚಿನ ಇ.ಸಿ.ಜಿ. ಹಾಗೂ ರಕ್ತಪರೀಕ್ಷೆಯ ವರದಿಗಳನ್ನು ಜೊತೆಗೊಯ್ಯೋಣ. ಅಲ್ಲಿನ ಹೊಸ ವೈದ್ಯರಿಗೆ ಅವೇ ದಾರಿದೀಪ.