ಸೂರ್ಯಸದೃಶ ದೀಪಗಳು

ಸೂರ್ಯನ ಬೆಳಕಿನ ಬಣ್ಣವನ್ನೋ ತೀವ್ರತೆಯನ್ನೋ ಹಗಲಿನ ಉದ್ದವನ್ನೋ ಕೃತಕವಾಗಿ ಒದಗಿಸುವ ದೀಪಗಳಿಗೆ ಈ ಹೆಸರು ಸಲ್ಲುತ್ತದೆ. ಬಿಸಿಲಿನ ಎಲ್ಲ ಗುಣಗಳನ್ನೂ ಒಟ್ಟಿಗೆ ಕೊಡುವ ದೀಪವಿಲ್ಲ. ಆಯಾ ಕೆಲಸಕ್ಕೆ ಬೇಕಾದ ಗುಣವನ್ನಷ್ಟೇ ದೀಪ ಅನುಕರಿಸುತ್ತದೆ.

ಶಿವನಸಮುದ್ರದ ಜಲವಿದ್ಯುತ್ತಿನಿಂದ ಬೆಂಗಳೂರಿನಲ್ಲಿ ದೀಪಗಳು ಬೆಳಗಿದ್ದು 1905ರ ಆಗಸ್ಟ್ 5ರಂದು. ದೊಡ್ಡಪೇಟೆ ಎಂದೇ ಹಿಂದೆ ಹೆಸರಾಗಿದ್ದ ಅವೆನ್ಯೂ ರಸ್ತೆಯಂಥ ವ್ಯಾಪಾರದ ಬೀದಿಗಳಿಗೆ ವಿದ್ಯುತ್ತು ಕತ್ತಲೆಯನ್ನು ನೀಗಿತಾದರೂ ಹಗಲಿನ ಬಣ್ಣವನ್ನು ತಂದುಕೊಡಲಿಲ್ಲ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,800 ಕೆಲ್ವಿನ್ ಇದ್ದರೆ ಮನೆಬಳಕೆಯ ಬಲ್ಬಿನ ತಂತಿ ಕಾಯುವುದು ಸುಮಾರು 2,700 ಕೆಲ್ವಿನ್‌ವರೆಗೆ ಮಾತ್ರವಾದ್ದರಿಂದ, ಅದರ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆಯಾಗಿ ಹಳದಿ, ಕೆಂಪು ಮೇಲುಗೈಯಾಗುತ್ತವೆ. ಸೀರೆ ಕೊಳ್ಳುವವರು ಸೆರಗನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುವ ರೂಢಿ ಬರಿಯ ಅನುಮಾನದ್ದಲ್ಲ, ಅದಕ್ಕೆ ಗಟ್ಟಿಯಾದ ಕಾರಣವಿದೆ: ಒಂದು ದೀಪದಡಿ ಒಂದೇ ಎನಿಸುವ ಎರಡು ಬಣ್ಣಗಳು ಹಗಲಿನಲ್ಲಿ ಬೇರೆಯಾಗಿ ಕಾಣಬಹುದು. ಬಟ್ಟೆ ಗಿರಣಿಗಳಲ್ಲಿ ಬಣ್ಣ ಹೊಂದಿಸಲು ಬಳಸುವ ದೀಪದ ಪೆಟ್ಟಿಗೆಗಳು ಇದೇ ತೊಡಕಿಗೆ ಕಂಡುಕೊಂಡ ಪರಿಹಾರ. ಅವುಗಳಲ್ಲಿ ಸುಮಾರು 6,500 ಕೆಲ್ವಿನ್ ಬಣ್ಣದ 'ಡಿ65' ಎಂಬ ಹಗಲು ಬೆಳಕನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ.

ವೈದ್ಯದಲ್ಲಿ ಈ ದೀಪಗಳಿಗೆ ಮನ್ನಣೆ ತಂದವನು ಡೆನ್ಮಾರ್ಕಿನ ನೀಲ್ಸ್ ಫಿನ್ಸನ್. ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಹಾಯಿಸಿ ಉರಿಸುವ ಚಾಪದೀಪದಿಂದ ಚರ್ಮದ ಕ್ಷಯಕ್ಕೆ ಚಿಕಿತ್ಸೆ ನೀಡಿದ ಆತನಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಬಿಸಿಲಿಗೆ ಒಡ್ಡಿದ ಹಸುಗೂಸುಗಳ ಕಾಮಾಲೆ ಇಳಿಯುವುದನ್ನು 1950ರ ದಶಕದಲ್ಲಿ ಇಂಗ್ಲೆಂಡಿನ ದಾದಿಯೊಬ್ಬರು ಗಮನಿಸಿದ್ದರಿಂದ, ನೀಲಿ ಬೆಳಕಿನಡಿ ಕೂಸನ್ನು ಮಲಗಿಸುವ ಚಿಕಿತ್ಸೆ ಹುಟ್ಟಿತು.

ಅವೆನ್ಯೂ ರಸ್ತೆಯ ತುದಿಯ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಸೇವಂತಿಗೆಗೂ ದೀಪಕ್ಕೂ ನಂಟಿದೆ. ಇರುಳು ದೀರ್ಘವಾದಾಗ ಮೊಗ್ಗು ಬಿಡುವ ಗಿಡವಿದು. ಗಿಡ ಗಿಡ್ಡವಾಗಿರುವಾಗಲೇ ಹೂ ಬಂದರೆ ಇಳುವರಿ ಕುಗ್ಗುವುದರಿಂದ, ಚಿಕ್ಕಬಳ್ಳಾಪುರದ ಸುತ್ತಿನ ರೈತರು ಹೊಲದ ಮೇಲೆ ಬಲ್ಬುಗಳ ಸಾಲು ತೂಗುಹಾಕಿ ರಾತ್ರಿ ಕೆಲವು ತಾಸು ಬೆಳಗಿಸುತ್ತಾರೆ. ಇಲ್ಲಿ ದೀಪಕ್ಕೆ ಬಿಸಿಲಿನ ತೀಕ್ಷ್ಣತೆ ಬೇಡ, ಹಗಲು ಇನ್ನೂ ಮುಗಿದಿಲ್ಲವೆಂದು ಗಿಡಕ್ಕೆ ತೋರಿಸುವ ಮಂದ ಬೆಳಕೇ ಸಾಕು. ದೀಪ ನಿಲ್ಲಿಸಿದ ಮೇಲೆ ಮೊಗ್ಗು ಮೂಡುತ್ತದೆ. ಗಿಡಗಳು ಇರುಳು ಹಗಲಿನ ಉದ್ದವನ್ನು ಅಳೆಯುತ್ತವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದ್ದರು.

ಬಿಸಿಲನ್ನು ಅತಿ ಹತ್ತಿರದಿಂದ ಅನುಕರಿಸಬೇಕಾದ ಕಡೆ ಕ್ಸೆನಾನ್ ಅನಿಲದ ಚಾಪದೀಪವೇ ಬೇಕು. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ ನಿರ್ವಾತ ಕೋಣೆಯಲ್ಲಿ ಉಪಗ್ರಹವನ್ನು ಅದರ ಕಿರಣಗಳಿಗೆ ಒಡ್ಡುತ್ತಾರೆ. ಭೂಮಿಯ ವಾತಾವರಣದಾಚೆ ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬೀಳುವ ಬಿಸಿಲಿಗೆ ಸರಿಗಟ್ಟುವ ಬೆಳಕನ್ನು ಕನ್ನಡಿಗಳಿಂದ ಸಮಾಂತರಗೊಳಿಸಿ ಹಾಯಿಸುವಾಗಲೇ, ಸುತ್ತಲ ಗೋಡೆಗಳನ್ನು ದ್ರವ ನೈಟ್ರೋಜನ್‌ನಿಂದ ತಣಿಸಿ ಅಂತರಿಕ್ಷದ ಚಳಿಯನ್ನೂ ಒದಗಿಸಲಾಗುತ್ತದೆ.