ತ್ಸಿಂಗ್‌ಹುವಾದ ಸಂಶೋಧನಾಲಯ: ನಾಲ್ಕು ವರ್ಷಗಳ ಒಂದು ವಿದ್ಯಾಪರಂಪರೆ

1905ರಲ್ಲಿ ಚೀನಾದ ಚಿಂಗ್ ಅರಸೊತ್ತಿಗೆಯು ರಾಜಪರೀಕ್ಷೆಯನ್ನು ರದ್ದುಗೊಳಿಸಿತು. ಸುಮಾರು 1300 ವರ್ಷಗಳ ಕಾಲ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಕಂಠಪಾಠ ಮಾಡಿದವರಿಗೆ ಅಧಿಕಾರದ ಬಾಗಿಲನ್ನು ತೆರೆದಿದ್ದ ವ್ಯವಸ್ಥೆ ಅದು. ಅದು ಹೋದೊಡನೆ ಪ್ರಾಚೀನ ಗ್ರಂಥಗಳ ಓದಿಗಿದ್ದ ಲೌಕಿಕ ಪ್ರಯೋಜನವೂ ಹೋಯಿತು. ಆರು ವರ್ಷಗಳಲ್ಲಿ ಅರಸೊತ್ತಿಗೆಯೇ ಉರುಳಿತು. ಆಗ ವಿದ್ವಾಂಸರ ಮುಂದೆ ಒಂದು ಪ್ರಶ್ನೆ ಉಳಿಯಿತು: ಉದ್ಯೋಗವನ್ನೂ ಮನ್ನಣೆಯನ್ನೂ ತಂದುಕೊಡದ ಈ ವಿದ್ಯೆಯನ್ನು ಇನ್ನು ಮುಂದೆ ಯಾರು, ಎಲ್ಲಿ, ಯಾವ ಕ್ರಮದಿಂದ ಅಭ್ಯಾಸ ಮಾಡಬೇಕು? ಈ ಪ್ರಶ್ನೆಗೆ ದೊರೆತ ಗಂಭೀರ ಉತ್ತರಗಳಲ್ಲಿ ಒಂದು, 1925ರಲ್ಲಿ ಪೀಕಿಂಗ್ ನಗರದ ಹೊರವಲಯದ ತ್ಸಿಂಗ್‌ಹುವಾದಲ್ಲಿ ಆರಂಭವಾದ ದೇಶೀಯ ವಿದ್ಯೆಯ ಸಂಶೋಧನಾಲಯ. ಅದು ಬಾಳಿದ್ದು ನಾಲ್ಕೇ ವರ್ಷ. ಆದರೆ ಚೀನಾದ ಸಂಸ್ಕೃತಿ ಮತ್ತು ಇತಿಹಾಸಗಳ ಉನ್ನತ ಅಧ್ಯಯನಕ್ಕೆ ಅದು ಹಾಕಿಕೊಟ್ಟ ದಾರಿ ಇಂದಿಗೂ ಅಳಿದಿಲ್ಲ.

ತ್ಸಿಂಗ್‌ಹುವಾದ ಹುಟ್ಟಿನಲ್ಲೇ ಒಂದು ವೈಚಿತ್ರ್ಯವಿದೆ. 1900ರ ಬಾಕ್ಸರ್ ದಂಗೆಯ ತರುವಾಯ ಚೀನಾದ ಮೇಲೆ ಹೇರಿದ ಪರಿಹಾರಧನದಲ್ಲಿ ತನ್ನ ಪಾಲಿನ ಒಂದು ಭಾಗವನ್ನು ಅಮೆರಿಕ ಹಿಂದಿರುಗಿಸಿತು. ಆ ಹಣದಿಂದ 1911ರಲ್ಲಿ ತೆರೆದ ಈ ಶಾಲೆಯ ಉದ್ದೇಶ, ತರುಣರನ್ನು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸಿದ್ಧಗೊಳಿಸುವುದಾಗಿತ್ತು. ಪಶ್ಚಿಮಕ್ಕೆ ಮುಖಮಾಡಿದ್ದ ಇದೇ ಶಾಲೆಯ ಅಂಗಳದಲ್ಲಿ ದೇಶೀಯ ವಿದ್ಯೆಯ ಸಂಶೋಧನೆ ನೆಲೆಗೊಂಡಿತು. ಅದರ ಸಂಘಟನೆಯ ಹೊಣೆ ಹೊತ್ತ ವೂ ಮಿ ಹಾರ್ವರ್ಡಿನಲ್ಲಿ ಸಾಹಿತ್ಯ ಓದಿ ಬಂದವರು. ಸಂಶೋಧನಾಲಯದ ನಿಯಮಾವಳಿಯು ಹಳೆಯ ಚೀನೀ ವಿದ್ಯಾಪೀಠಗಳ ಪದ್ಧತಿಯನ್ನೂ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಮಾರ್ಗದರ್ಶನ ಪದ್ಧತಿಯನ್ನೂ ಕೂಡಿಸಿಕೊಂಡಿತ್ತು. ವಿದ್ಯಾರ್ಥಿ ಕಠಿಣವಾದ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಒಬ್ಬ ಗುರುವಿನ ಒಪ್ಪಿಗೆಯಿಂದ ಒಂದು ವಿಷಯವನ್ನು ಆರಿಸಿಕೊಳ್ಳಬೇಕು. ಸಾಮಾನ್ಯವಾಗಿ ಒಂದು ವರ್ಷದಲ್ಲಿ ಪ್ರಬಂಧವನ್ನು ಒಪ್ಪಿಸಬೇಕು. ಅಗತ್ಯವಿದ್ದರೆ ಅವಧಿಯನ್ನು ಮುಂದುವರಿಸಬಹುದಿತ್ತು. ಕೊನೆಗೆ ದೊರೆಯುತ್ತಿದ್ದುದು ಪದವಿಯಲ್ಲ, ಒಂದು ಪ್ರಮಾಣಪತ್ರ ಮಾತ್ರ.

ಇಲ್ಲಿ ನೆರೆದ ನಾಲ್ವರು ಗುರುಗಳು ನಾಲ್ಕು ಬಗೆಯವರು. ಲಿಯಾಂಗ್ ಚಿಚಾವ್ 1898ರ ಸುಧಾರಣಾ ಚಳವಳಿಯಲ್ಲಿ ಮುಂಚೂಣಿಯಲ್ಲಿದ್ದು, ದೇಶಭ್ರಷ್ಟರಾಗಿ, ಮರಳಿ ಮಂತ್ರಿಪದವಿಯನ್ನೂ ಕಂಡು, ಕೊನೆಗೆ ಇತಿಹಾಸದ ಬರವಣಿಗೆಗೆ ಒಲಿದವರು. ವಾಂಗ್ ಗುವೋವೈ ಪದಚ್ಯುತ ಚಕ್ರವರ್ತಿಗೆ ನಿಷ್ಠರಾಗಿ ಉಳಿದು, ಚಿಂಗ್ ಕಾಲದ ಜಡೆಯನ್ನು ಕಡೆಯವರೆಗೂ ಕತ್ತರಿಸದಿದ್ದವರು; ಆದರೆ ತಾರುಣ್ಯದಲ್ಲಿ ಕಾಂಟ್ ಮತ್ತು ಶೋಪೆನ್‌ಹೋವರ್ ಅವರನ್ನು ಆಳವಾಗಿ ಓದಿದವರು. ಝಾವ್ ಯುವಾನ್‌ರೆನ್ ಗಣಿತದಿಂದ ಭಾಷಾವಿಜ್ಞಾನಕ್ಕೆ ಬಂದು, ಊರೂರು ತಿರುಗಿ ಉಪಭಾಷೆಗಳ ಧ್ವನಿಗಳನ್ನು ದಾಖಲಿಸಿದವರು. ಚೆನ್ ಯಿನ್‌ಕ ಹಾರ್ವರ್ಡ್ ಮತ್ತು ಬರ್ಲಿನ್‌ಗಳಲ್ಲಿ ಸಂಸ್ಕೃತ, ಪಾಳಿ ಮೊದಲಾದ ಭಾಷೆಗಳನ್ನು ಕಲಿತು, ಒಂದು ಪದವಿಯನ್ನೂ ಪಡೆಯದೆ ಹಿಂದಿರುಗಿದವರು. ಇವರೊಡನೆ ಉಪನ್ಯಾಸಕರಾಗಿದ್ದ ಲೀ ಜಿ, ಮುಂದೆ ಆನ್‌ಯಾಂಗ್ ಉತ್ಖನನದ ನೇತೃತ್ವ ವಹಿಸಿ ಚೀನಾದ ಪುರಾತತ್ತ್ವಕ್ಕೆ ಬುನಾದಿ ಹಾಕಿದರು.

ಆ ದಿನಗಳಲ್ಲಿ ಚೀನಾದ ಪ್ರಾಚೀನ ಇತಿಹಾಸವೇ ಸಂಶಯಕ್ಕೆ ಗುರಿಯಾಗಿತ್ತು. ಆದಿಕಾಲದ ರಾಜರ ಕಥೆಗಳು ತಲೆಮಾರಿನಿಂದ ತಲೆಮಾರಿಗೆ ಪದರ ಪದರವಾಗಿ ಬೆಳೆದ ಕಲ್ಪನೆಗಳೆಂದು ಗು ಜಿಯೆಗಾಂಗ್ 1923ರಿಂದ ವಾದಿಸುತ್ತಿದ್ದರು. ಇದಕ್ಕೆ ವಾಂಗ್ ಗುವೋವೈ ಶ್ರದ್ಧೆಯ ಹೆಸರಿನಲ್ಲಿ ಉತ್ತರಿಸಲಿಲ್ಲ, ವಿಧಾನದಿಂದ ಉತ್ತರಿಸಿದರು. 1925ರ ತಮ್ಮ ಉಪನ್ಯಾಸಗಳಲ್ಲಿ ಅವರು 'ದ್ವಿವಿಧ ಸಾಕ್ಷ್ಯ'ದ ಕ್ರಮವನ್ನು ನಿರೂಪಿಸಿದರು. ಪರಂಪರೆಯಿಂದ ಬಂದ ಗ್ರಂಥ ಒಂದು ಸಾಕ್ಷ್ಯ, ನೆಲದೊಳಗಿಂದ ದೊರೆತ ಬರಹ ಇನ್ನೊಂದು. ಇವೆರಡನ್ನೂ ಎದುರುಬದುರು ಇಟ್ಟು ತೂಗಬೇಕು. ಗ್ರಂಥವು ಹಳೆಯದೆಂಬ ಕಾರಣಕ್ಕೆ ನಂಬುವುದೂ ಸಲ್ಲದು, ಸಾಕ್ಷ್ಯ ಇನ್ನೂ ಸಿಕ್ಕಿಲ್ಲವೆಂಬ ಕಾರಣಕ್ಕೆ ತಳ್ಳಿಹಾಕುವುದೂ ಸಲ್ಲದು.

ಈ ವಿಧಾನದ ಫಲವನ್ನು ಅವರು 1917ರಲ್ಲೇ ತೋರಿಸಿದ್ದರು. ಷಾಂಗ್ ರಾಜರ ಕಾಲದಲ್ಲಿ ಶಕುನ ನೋಡಲು ಬಳಸಿದ ಮೂಳೆಗಳ ಮತ್ತು ಆಮೆಯ ಚಿಪ್ಪುಗಳ ಮೇಲಿನ ಬರಹಗಳು 1899ರಿಂದ ವಿದ್ವಾಂಸರ ಗಮನಕ್ಕೆ ಬಂದಿದ್ದವು. ಅವುಗಳಲ್ಲಿ ಪೂಜೆಗೊಳ್ಳುವ ಪೂರ್ವಜರ ಹೆಸರುಗಳನ್ನು ವಾಂಗ್ ಅವರು ಕ್ರಿಸ್ತಪೂರ್ವ ಒಂದನೆಯ ಶತಮಾನದ ಇತಿಹಾಸಕಾರ ಸಿಮಾ ಚಿಯೆನ್ ಕೊಟ್ಟ ವಂಶಾವಳಿಯೊಡನೆ ಹೋಲಿಸಿದರು. ಸಾವಿರ ವರ್ಷಗಳ ನಂತರ ಬರೆದ ಆ ವಂಶಾವಳಿ ಬಹುಮಟ್ಟಿಗೆ ಸರಿಯಾಗಿತ್ತು! ಆದರೆ ಪೂರ್ತಿ ಸರಿಯಾಗಿರಲಿಲ್ಲ. ಒಂದೇ ಮೂಳೆಯ ಒಡೆದ ಎರಡು ಚೂರುಗಳನ್ನು ಜೋಡಿಸಿದಾಗ, ಮೂವರು ಪೂರ್ವಜರ ಅನುಕ್ರಮವು ಸಿಮಾ ಚಿಯೆನ್‌ನಲ್ಲಿ ತಪ್ಪಾಗಿದ್ದುದು ತಿಳಿಯಿತು. ವಾಂಗ್ ಹೈ ಎಂಬ ಪೂರ್ವಜನ ಹೆಸರು ಲಿಪಿಕಾರರ ಕೈಯಲ್ಲಿ ಹೇಗೆ ರೂಪಾಂತರಗೊಂಡಿತ್ತೆಂಬುದನ್ನೂ ಅವರು ವಿವರಿಸಿದರು. ಹೀಗೆ ಗ್ರಂಥವು ಏಕಕಾಲಕ್ಕೆ ಸಮರ್ಥನೆಯನ್ನೂ ತಿದ್ದುಪಡಿಯನ್ನೂ ಪಡೆಯಿತು.

ಕಾವ್ಯವನ್ನೂ ಶಾಸನವನ್ನೂ ಜೊತೆಗಿಟ್ಟು ಓದುವ ಕನ್ನಡದ ಸಂಶೋಧಕರಿಗೆ ಈ ಕ್ರಮ ಅಪರಿಚಿತವಲ್ಲ. ಚೀನೀ ಆಕರವೇ ಇಂಥ ಓದಿಗೆ ನೆರವಾಗುವ ಒಂದು ಉದಾಹರಣೆ ಕರ್ನಾಟಕದಲ್ಲಿದೆ. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ ಶಕ 556ರಲ್ಲಿ, ಅಂದರೆ ಕ್ರಿ.ಶ. 634ರ ಸುಮಾರಿಗೆ, ಜೈನಕವಿ ರವಿಕೀರ್ತಿ ಬರೆಯಿಸಿದ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯ ಮುಂದೆ ಹರ್ಷನ ಹರ್ಷ ಉಡುಗಿತೆಂದು ಹೇಳುತ್ತದೆ. ಆಸ್ಥಾನಕವಿಯ ಹೊಗಳಿಕೆಯೆಂದು ಇದನ್ನು ಬದಿಗಿಡಬಹುದಿತ್ತು. ಆದರೆ ಹರ್ಷನ ಮನ್ನಣೆಗೆ ಪಾತ್ರನಾಗಿದ್ದ ಹ್ಯುಯೆನ್ ತ್ಸಾಂಗನ ಪ್ರವಾಸಕಥನವೂ ಹರ್ಷನಿಗೆ ಪುಲಕೇಶಿಯನ್ನು ಮಣಿಸಲಾಗಲಿಲ್ಲವೆಂದೇ ಹೇಳುತ್ತದೆ. ಒಂದು ಸಾಕ್ಷ್ಯ ಕಲ್ಲಿನ ಮೇಲೆ, ಇನ್ನೊಂದು ಚೀನೀ ಗ್ರಂಥಪರಂಪರೆಯಲ್ಲಿ. ಪರಸ್ಪರ ಅರಿಯದ ಇಬ್ಬರ ಮಾತು ಒಂದಾಗಿರುವುದರಿಂದಲೇ ಆ ಘಟನೆ ಇತಿಹಾಸವಾಗಿ ನಿಲ್ಲುತ್ತದೆ.

ತ್ಸಿಂಗ್‌ಹುವಾದ ಶಿಸ್ತು ಎಂಥದೆಂಬುದಕ್ಕೆ ಮುಂದೆ ಭಾಷಾವಿಜ್ಞಾನಿಯಾಗಿ ಪ್ರಸಿದ್ಧರಾದ ವಾಂಗ್ ಲಿ ಅವರ ಪ್ರಸಂಗ ನಿದರ್ಶನ. ಪ್ರಾಚೀನ ಚೀನೀ ವ್ಯಾಕರಣವನ್ನು ಕುರಿತ ಅವರ ಪ್ರಬಂಧವನ್ನು ಲಿಯಾಂಗ್ ಮನಸಾರೆ ಮೆಚ್ಚಿದರು. ಝಾವ್ ಮಾತ್ರ ದೋಷಗಳನ್ನಷ್ಟೇ ಹುಡುಕಿದರು. ಒಂದು ಭಾಷೆಯಲ್ಲಿ ಪಳಗದೆ ಅದರಲ್ಲಿ ಇಂಥ ವ್ಯಾಕರಣಪ್ರಯೋಗ ಇಲ್ಲವೆಂದು ತೀರ್ಮಾನಿಸಕೂಡದು. ಇದೆಯೆನ್ನುವುದು ಸುಲಭ, ಇಲ್ಲವೆನ್ನುವುದು ಕಷ್ಟ ಎಂಬುದು ಅವರು ಅಂಚಿನಲ್ಲಿ ಬರೆದ ಟಿಪ್ಪಣಿಯ ಸಾರ. ಇದೆಯೆನ್ನಲು ಒಂದು ಉದಾಹರಣೆ ಸಾಕು. ಇಲ್ಲವೆನ್ನಲು ಸಮಸ್ತವನ್ನೂ ನೋಡಿರಬೇಕು. ಯಾವ ನಾಡಿನ ಸಂಶೋಧಕನಿಗಾದರೂ ಇದು ಮರೆಯಬಾರದ ಪಾಠ.

ಚೆನ್ ಯಿನ್‌ಕ ಅವರ ಕೊಡುಗೆ ಬೇರೆ ದಿಕ್ಕಿನದು. ಚೀನಾದ ಸಂಸ್ಕೃತಿಯನ್ನು ಚೀನೀ ಆಕರಗಳಿಂದಷ್ಟೇ ಅರಿಯಲಾಗದೆಂಬುದನ್ನು ಅವರು ತೋರಿಸಿದರು. ಬಾಲಕ ತ್ಸಾವ್ ಚೊಂಗ್ ದೋಣಿಯ ನೆರವಿನಿಂದ ಆನೆಯನ್ನು ತೂಗಿದನೆಂಬುದು ಚೀನಾದ ಅಧಿಕೃತ ಚರಿತ್ರೆಯಲ್ಲಿರುವ ಕಥೆ. ಅದೇ ಕಥೆ ಚೀನೀ ಭಾಷೆಗೆ ಅನುವಾದಗೊಂಡ ಬೌದ್ಧ ಕಥಾಸಂಗ್ರಹದಲ್ಲಿಯೂ ಇರುವುದನ್ನು ಎತ್ತಿ ತೋರಿಸಿ, ಅದರ ಮೂಲ ಭಾರತದ್ದೆಂದು ಅವರು ವಾದಿಸಿದರು. ಹ್ಯುಯೆನ್ ತ್ಸಾಂಗನ ಯಾತ್ರೆಯನ್ನು ಆಧರಿಸಿದ ಜನಪ್ರಿಯ ಕಾದಂಬರಿಯ ವಾನರವೀರನ ಹಿಂದೆ, ಸೇತುವೆ ಕಟ್ಟಿದ ರಾಮಾಯಣದ ನಳನ ನೆರಳನ್ನೂ ಅವರು ಗುರುತಿಸಿದರು. ಬೌದ್ಧ ಅನುವಾದಸಾಹಿತ್ಯವನ್ನು ಕುರಿತ ಅವರ ಪಾಠಗಳನ್ನು ಮುಂದೆ ತ್ಸಿಂಗ್‌ಹುವಾದಲ್ಲಿ ಕೇಳಿದ ಜಿ ಶಿಯೆನ್‌ಲಿನ್ ಜರ್ಮನಿಗೆ ಹೋಗಿ ಸಂಸ್ಕೃತ ಕಲಿತು, ವಾಲ್ಮೀಕಿ ರಾಮಾಯಣವನ್ನು ಇಡಿಯಾಗಿ ಚೀನೀ ಭಾಷೆಗೆ ತಂದರು.

ಸಂಶೋಧನಾಲಯದ ಬಲ ಅದರ ಗುರುಗಳಲ್ಲಿತ್ತು. ಅದರ ದೌರ್ಬಲ್ಯವೂ ಅಲ್ಲಿಯೇ ಇತ್ತು. 1927ರ ಜೂನ್ 2ರಂದು ವಾಂಗ್ ಗುವೋವೈ ಬೇಸಿಗೆ ಅರಮನೆಯ ಕುನ್‌ಮಿಂಗ್ ಸರೋವರದಲ್ಲಿ ಮುಳುಗಿ ಪ್ರಾಣಬಿಟ್ಟರು. 1929ರ ಜನವರಿಯಲ್ಲಿ ಲಿಯಾಂಗ್ ತೀರಿಕೊಂಡರು. ಅದೇ ವರ್ಷ ಸಂಶೋಧನಾಲಯ ಮುಚ್ಚಿತು. ವಾಂಗ್ ಅವರ ಸಾವಿನ ಕಾರಣವನ್ನು ಕುರಿತು ಭಿನ್ನಾಭಿಪ್ರಾಯಗಳಿವೆ. ಆದರೆ ಅವರ ಸ್ಮಾರಕಶಿಲೆಗೆ ಲೇಖನವನ್ನು ರಚಿಸಿದ ಚೆನ್, ಅದನ್ನು ಒಬ್ಬ ವ್ಯಕ್ತಿಯ ಅಥವಾ ಒಂದು ರಾಜವಂಶದ ದುಃಖಕ್ಕೆ ಸೀಮಿತಗೊಳಿಸಲಿಲ್ಲ. ವಿದ್ವಾಂಸನ ಬದುಕಿಗೆ ಅರ್ಥ ಕೊಡುವುದು ಸ್ವತಂತ್ರವಾದ ಮನಸ್ಸು ಮತ್ತು ನಿರ್ಬಂಧವಿಲ್ಲದ ಚಿಂತನೆ ಎಂಬ ಭಾವವನ್ನು ಆ ಕಲ್ಲಿನ ಮೇಲೆ ಕೆತ್ತಿಸಿದರು.

ಕಾಲು ಶತಮಾನದ ಬಳಿಕ ಆ ಮಾತಿನ ಪರೀಕ್ಷೆ ನಡೆಯಿತು. 1953ರಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯು ಇತಿಹಾಸ ಸಂಸ್ಥೆಯೊಂದರ ಮುಖ್ಯಸ್ಥರಾಗಲು ಚೆನ್ ಅವರನ್ನು ಆಹ್ವಾನಿಸಿತು. ದಕ್ಷಿಣದ ಗುವಾಂಗ್‌ಝೌನಲ್ಲಿದ್ದ ಅವರು ಆ ವೇಳೆಗೆ ದೃಷ್ಟಿ ಕಳೆದುಕೊಂಡಿದ್ದರು. ಸಂಸ್ಥೆಯು ಮಾರ್ಕ್ಸ್‌ವಾದವನ್ನು ಅನುಸರಿಸಬೇಕೆಂಬ ಕಟ್ಟುಪಾಡು ಇರಕೂಡದೆಂದು ಅವರು ಷರತ್ತು ಒಡ್ಡಿದರು. ವಾಂಗ್ ಅವರ ಶಿಲಾಲೇಖನದಲ್ಲಿ ತಾವು ಹೇಳಿದ್ದಕ್ಕೆ ಈಗಲೂ ಬದ್ಧರೆಂದು ತಿಳಿಸಿದರು. ಆ ಪದವಿಯನ್ನು ಅವರು ವಹಿಸಿಕೊಳ್ಳಲಿಲ್ಲ. ಹದಿನೇಳನೆಯ ಶತಮಾನದ ಕವಯಿತ್ರಿ ಲಿಯು ರುಷಿಯನ್ನು ಕುರಿತ ಬೃಹತ್ ಚರಿತ್ರೆಯನ್ನು ಕಣ್ಣಿಲ್ಲದೆಯೇ, ಸಹಾಯಕಿಗೆ ಹೇಳಿ ಬರೆಯಿಸಿ ಮುಗಿಸಿದರು. ಸಾಂಸ್ಕೃತಿಕ ಕ್ರಾಂತಿಯ ಕಿರುಕುಳದ ನಡುವೆ 1969ರಲ್ಲಿ ಅಸುನೀಗಿದರು. ಆ ಗ್ರಂಥ ಅಚ್ಚಾದದ್ದು 1980ರಲ್ಲಿ.

ನಾಲ್ಕು ವರ್ಷಗಳಲ್ಲಿ ತ್ಸಿಂಗ್‌ಹುವಾದ ಸಂಶೋಧನಾಲಯದಿಂದ ಹೊರಬಂದವರು ಸುಮಾರು 70 ಮಂದಿ. ಪ್ರಾಚೀನ ಲಿಪಿಗಳಲ್ಲಿ ಶ್ಯೂ ಝೊಂಗ್‌ಶು, ಪ್ರಾಚೀನ ಕಾವ್ಯ ಮತ್ತು ದುನ್‌ಹುವಾಂಗ್ ಹಸ್ತಪ್ರತಿಗಳಲ್ಲಿ ಜಿಯಾಂಗ್ ಲಿಯಾಂಗ್‌ಫು, ಭಾಷಾವಿಜ್ಞಾನದಲ್ಲಿ ವಾಂಗ್ ಲಿ ತಮ್ಮ ತಮ್ಮ ಕ್ಷೇತ್ರಗಳಿಗೆ ಆಚಾರ್ಯರಾದರು. ಇವರಿಗೆ ಅಲ್ಲಿ ದೊರೆತದ್ದು ಪದವಿಯಲ್ಲ. ಆಕರವನ್ನು ತೂಗುವ ಕ್ರಮ, ಅತಿವ್ಯಾಪ್ತಿಗೆ ಅಂಜುವ ವಿವೇಕ, ನೆರೆನಾಡಿನ ಭಾಷೆಯನ್ನು ಕಲಿಯುವ ವಿನಯ ಇವರ ಪಾಲಿಗೆ ಬಂದವು. ಕಂಡ ಸತ್ಯವನ್ನು ಯಾರ ಅಪ್ಪಣೆಗೂ ಬಾಗಿಸದ ನಿಲುವನ್ನು ಗುರುಗಳು ಬದುಕಿಯೇ ತೋರಿಸಿದ್ದರು. ಸಂಶೋಧನಾಲಯದ ಬಾಗಿಲು 1929ರಲ್ಲಿ ಮುಚ್ಚಿದರೂ ವಾಂಗ್ ಗುವೋವೈ ಅವರ ಸ್ಮಾರಕಶಿಲೆ ತ್ಸಿಂಗ್‌ಹುವಾದ ಆವರಣದಲ್ಲಿ ಇಂದಿಗೂ ನಿಂತಿದೆ.